ತುಂಡುಗೆರೆ

ಕಚೇರಿಯ ನಿಯಮ ಒಂದೇ, ಗೆಬ್‌ಹಾರ್ಡ್:
ಹೊಸದಾಗಿ ಕಂಡುಹಿಡಿದದ್ದನ್ನು ಇಡೀ ಗೆರೆಯಲ್ಲಿ ಬರೆ,
ಮೊದಲಿನಿಂದ ಇದ್ದದ್ದನ್ನು ತುಂಡುಗೆರೆಯಲ್ಲಿ.
ಹಾಗಾಗಿ ಮೂವತ್ತೊಂದು ವರ್ಷ
ಮನುಷ್ಯರನ್ನೆಲ್ಲ ನಾನು ಚೂರುಚೂರಾಗಿಯೇ ಬರೆದೆ.
ಮೊಣಕಾಲು, ಕಿವಿ, ಬಿಚ್ಚಿದ ಎದೆಯ ಬಾಗು,
ಯಾರದ್ದೆಂದು ಕೇಳುವಂತಿಲ್ಲ, ಮುಖ ಬೇಡ.
ಇಕ್ಕಳಕ್ಕೆ ಮಾತ್ರ ಕಡುಕಪ್ಪು, ಕಡಿಯದ ಗೆರೆ.

ಟುಟ್ಲಿಂಗನ್ನಿನಲ್ಲಿ ಇದೇನು ದೊಡ್ಡ ಸಂಗತಿಯಲ್ಲ.
ಮನೆಗೊಬ್ಬ ಇಲ್ಲಿ ಕತ್ತರಿ ಸಾಣೆ ಹಿಡಿಯುವವನು,
ಓಣಿಗೊಂದು ಪೇಟೆಂಟು.
ನಿನ್ನಪ್ಪನ ಬೆರಳಿಗೂ ನಿನ್ನ ಬೆರಳಿಗೂ ಉಕ್ಕಿನ ವಾಸನೆ;
ಉಂಗುರ ತೊಡಿಸುವಾಗ ಪಾದ್ರಿ ಮೂಗರಳಿಸಿದ್ದು
ನನಗಿನ್ನೂ ನೆನಪಿದೆ.

ಆ ಕವಾಟ ನನ್ನ ಮೇಜಿಗೆ ಬಂದದ್ದು ಒಂದು ಫೆಬ್ರವರಿ.
ಡಾಕ್ಟರ್ ಶ್ಟೇಲೆ ಬೆಂಕಿಪೊಟ್ಟಣದಲ್ಲಿಟ್ಟು ತಂದಿದ್ದರು:
ಬಟಾಣಿಗಿಂತ ತುಸು ದಪ್ಪ, ಸಿಲಿಕೋನು,
ಒಳಗೊಂದು ರೆಪ್ಪೆ.
"ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ," ಅಂದರು,
"ಗಾಳಿ ಆಚೆ ಹೋಗಬೇಕು, ಸಾರು ಈಚೆ ಬರಬಾರದು."
ಇದಕ್ಕಿಂತ ಚೆನ್ನಾಗಿ ಆಮೇಲೆ ಯಾರೂ ಹೇಳಲಿಲ್ಲ.
ವಕೀಲರು ಅದನ್ನೇ ನಾಲ್ಕು ಪುಟ ಎಳೆದರು.
ಒಂದು ಹಕ್ಕಿಗೆ ಒಂದೇ ವಾಕ್ಯವಂತೆ,
ಉಸಿರು ಸಿಕ್ಕಿಕೊಂಡರೂ ನಡುವೆ ಪೂರ್ಣವಿರಾಮ ಇಡುವಂತಿಲ್ಲ.

ಕವಾಟಕ್ಕೆ ಹತ್ತು ಎಂದು ಅಂಕಿ. ರೆಪ್ಪೆಗೆ ಹನ್ನೆರಡು.
ಅಂಚಿಗೆ ಹದಿನಾಲ್ಕು.
ಇನ್ನು ಕೂರಿಸಲು ಒಂದು ಕುತ್ತಿಗೆ ಬೇಕಿತ್ತು.
ನೀನು ಎದುರು ಕುರ್ಚಿಯಲ್ಲಿ, ಪತ್ರಿಕೆ ಎದೆಗೆ ಕವುಚಿಕೊಂಡು,
ಬಾಯಿ ತೆರೆದು ನಿದ್ದೆ ಹೋಗಿದ್ದೆ.
ಗಂಟಲ ಗಂಟು, ಗದ್ದದ ಕೆಳಗಿನ ಮಡಿಕೆ,
ಕ್ಷೌರದ ಕತ್ತಿ ತಪ್ಪಿಸಿಕೊಂಡ ಒಂದು ತೇಪೆ ಗಡ್ಡ.
ಗಡ್ಡ ಬಿಟ್ಟೆ, ಉಳಿದದ್ದೆಲ್ಲ ಬರೆದೆ:
ಎರಡು ಮಿಲಿಮೀಟರ್ ಗೆರೆ, ಒಂದು ಮಿಲಿಮೀಟರ್ ಬಿಳಿ.
ಚಿತ್ರ ನಾಲ್ಕು. ನಿನಗೆ ತೊಂಬತ್ತು ಎಂದು ಅಂಕಿ ಕೊಟ್ಟೆ.
ನಿನಗೆ ಹೇಳಲಿಲ್ಲ. ಹೇಳುವಂಥದ್ದೇನಿತ್ತು?

ಹದಿಮೂರು ವರ್ಷದ ಮೇಲೆ ಆಸ್ಪತ್ರೆಯ ನರ್ಸು
ನಮಗೆ ತಿಳಿಯಲೆಂದು ಒಂದು ಹಾಳೆ ಬಿಡಿಸಿಟ್ಟಳು.
ನಕಲಿನ ನಕಲು, ಮಸುಕು.
"ನೋಡಿ, ನಿಮ್ಮ ಕುತ್ತಿಗೆ ಹೀಗಿರುತ್ತೆ," ಅಂದಳು.
ನೀನು ತಲೆಯಾಡಿಸಿದೆ.
ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.
ಹಣೆಯಲ್ಲಿ ಬರೆದದ್ದು ಅನ್ನುತ್ತಾರೆ.
ನಾನು ಕುತ್ತಿಗೆಯಲ್ಲಿ ಬರೆದೆನೇ?
ಅಳತೆಪಟ್ಟಿ ಹಿಡಿದು ಬದುಕಿದವಳು
ಕೇಳಬಾರದ ಪ್ರಶ್ನೆ. ಕೇಳಿಕೊಂಡೆ.

ಮೊನ್ನೆ ಅವಧಿ ಮುಗಿಯಿತು. ಇಪ್ಪತ್ತು ವರ್ಷ.
ಇನ್ನು ಯಾರು ಬೇಕಾದರೂ ಅಚ್ಚು ಹೊಯ್ಯಬಹುದು,
ಯಾರೂ ತಡೆಯುವಂತಿಲ್ಲ ಅಂದೆ.
ನೀನು ಹೆಬ್ಬೆರಳನ್ನು ಗಂಟಲ ತೂತಿಗೆ ಒತ್ತಿ,
ಕಡ್ಡಿ ಮುರಿದಂತೆ, "ಅಗ್ಗ ಆಗುತ್ತಾ?" ಅಂದೆ.
ಅಷ್ಟರಲ್ಲಿ ಕಾಫಿ ಸೋರಿ ಕೆಮ್ಮು.
ರೆಪ್ಪೆ ಸವೆದಿದೆ, ಗುರುವಾರ ಬದಲಿಸಬೇಕು.

ಮಧ್ಯಾಹ್ನ ಮ್ಯೋರಿಂಗನ್ನಿನ ತನಕ ನಡೆದೆವು. ಆಗಸ್ಟ್.
ಡ್ಯಾನ್ಯೂಬು ಅಲ್ಲಿ ಸುಣ್ಣಕಲ್ಲಿನ ಬಿರುಕಿಗೆ ಇಳಿದುಬಿಡುತ್ತದೆ.
ಉರುಟುಕಲ್ಲು, ಒಂದು ಮಡು, ಮತ್ತೆ ಕಲ್ಲು,
ಎಷ್ಟೋ ದೂರ ಹೋದರೆ ಇನ್ನೊಂದು ಮಡು.
ಈ ನೀರು ಯಾರದೆಂದು ಹಿಂದೆ ರಾಜ್ಯರಾಜ್ಯಗಳೇ
ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವಂತೆ.
ನದಿಯ ನಟ್ಟನಡುವೆ, ಬೂಟು ಒಣಗಿದ್ದ ಹಾಗೇ,
ನಿನಗೆ ಹೇಳಿದೆ: ಫೆಬ್ರವರಿ, ಕುರ್ಚಿ, ತೊಂಬತ್ತು.

ಬಹಳ ಹೊತ್ತು ಸುಮ್ಮನಿದ್ದೆ.
ಆಮೇಲೆ ಹೆಬ್ಬೆರಳು ಮೇಲೆದ್ದಿತು.
"ಹಾಗಾದರೆ… ಇಪ್ಪತ್ತು ವರ್ಷದ… ಬಾಡಿಗೆ?"
ಬೆರಳು ತೆಗೆದು ನಕ್ಕೆ. ಸದ್ದಿಲ್ಲ,
ತೂತಿನಿಂದ ಬರೀ ಗಾಳಿ, ಹೆಗಲು ಕುಲುಕಿತು.

ಕೆಳಗಿನ ಮಡುವಿನಲ್ಲಿ ಇಬ್ಬರು ಹುಡುಗರು
ಸಿಕ್ಕಿಬಿದ್ದ ಮೀನುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದರು,
ನೀರಿರುವ ಕಡೆ ಬಿಡಲು.
ನೀರಿಗೆ ಬಗ್ಗಬೇಡಿ ಎಂದಿದ್ದಾಳೆ ನರ್ಸು,
ನೆನಪಿಸೋಣವೆಂದು ತಿರುಗಿದೆ.
ನೀನಾಗಲೇ ತೋಳು ಮಡಚಿದ್ದೆ.