ಎರಡು-ಆರು

ಗೋಕುಲ ರೋಡಿನ ಗಾಜಿನ ಬಿಲ್ಡಿಂಗು, ಮೂರನೇ ಮಜಲು.
ಅರವತ್ತೆರಡು ಮಂದಿ, ಕೆಲಸ ನಾಕು.
ಕೈಯಾಗ ಫೈಲು, ಕೊರಳಾಗ ನಂಬರು,
ನಂದು ನಲವತ್ತೊಂದು.

ಬಳಿ ತಗದಿಟ್ಟು ಹೋಗು ಅಂದಿದ್ದಳು ತಂಗಿ,
ಬರಿಯೂ ಮುಂದ ಸಪ್ಪಳ ಆಗತಾವು,
ದೊಡ್ಡ ಕಂಪನಿಯವರಿಗೆ ಸೇರೂದಿಲ್ಲ.
ಕರವಸ್ತ್ರದಾಗ ಸುತ್ತಿ ಪರ್ಸಿನ ತಳಕ್ಕ ಇಟ್ಟೀನಿ
ಒಂದು ಡಜನ್ ಹಸರು.
ಹಗೂರಾದ ಮಣಿಕಟ್ಟು
ಬ್ಯಾರೆ ಯಾರದೋ ಇಸಗೊಂಡು ಬಂದಂಗ ಐತಿ.

ಬಾಜೂಕ ರೋಣದ ಇಮಾಮಹುಸೇನ, ನಲವತ್ತೆರಡು.
ಅವಗ ಇದು ಏಳನೇ ಇಂಟರ್‌ವ್ಯೂ, ಪ್ರಶ್ನಿ ಎಲ್ಲಾ ಬಾಯಿಪಾಠ.
"ನಿಮ್ಮ ದೌರ್ಬಲ್ಯ ಏನು ಅಂತಾರ್ರಿ ಅಕ್ಕಾರ,
ಭಾಳ ದುಡೀತೀನಿ, ಅದ ನನ್ನ ದೌರ್ಬಲ್ಯ ಅನ್ರಿ."
ನೀವು ಹಂಗ ಅಂದ್ರೇನು?
"ಆರು ಸಲ ಅಂದೇನಿ."
ಅಂದು, ತಡಾ ಮಾಡಿ, ತಾನ ನಕ್ಕ.

ಹಾನಗಲ್ಲಿನ ಚೈತ್ರಾ ಒಳಗ ಹೋದಾಕಿ
ನಾಕು ಮಿನಿಟಿಗೆ ಹೊರಗ.
ಏನು ಕೇಳಿದ್ರ?
"ಮದುವಿ ಯಾವಾಗ ಅಂದ್ರು."
ಮತ್ತ?
"ನೀರು ಕುಡೀರಿ ಅಂದ್ರು."

ನಲವತ್ತೊಂದು! ಸುಮಂಗಳಾ ಬಾಲಿಗರ್?
ಬಳಿಗಾರ್ರಿ, ಅಂದೆ.
ಹಾಳ್ಯಾಗ ಯಾರೂ ತಿದ್ದಲಿಲ್ಲ.

ಟೇಬಲ್ಲಿನ ಆಚಿ ಮೂರು ಮಂದಿ, ಆರು ಕೈ.
ಮಾರಿ ನೋಡೂ ಮೊದಲ ಕೈ ನೋಡಿದೆ, ಹಳೀ ಚಟ.
ನಡುವಿನ ಮ್ಯಾಡಮ್ಮಿಂದು ಎರಡು-ನಾಕು,
ಗೆಣ್ಣು ಬಿರುಸು, ಸಾಬಾಣ ಬೇಕಾಗತೈತಿ.
ಬಲಕಿನ ಸಾಹೇಬ್ರು ಉಗುರು ಕಡಕೊಂಡಾರ,
ಇವರಿಗೂ ಮ್ಯಾಲಿನವರು ಯಾರೋ ಇರಬೇಕು.

"ನಡುವೆ ಎರಡು ವರ್ಷ ಗ್ಯಾಪ್ ಇದೆಯಲ್ಲ?"

ಫ್ಯಾಮಿಲಿ ಬಿಸಿನೆಸ್, ಅಂದೆ.
ಇಂಗ್ಲೀಷಿನ್ಯಾಗ ಅಂದ್ರ ದೊಡ್ಡದು ಕಾಣತೈತಿ
ದುರ್ಗದಬೈಲಿನ ಓಣ್ಯಾಗಿನ ಆರು ಫೂಟಿನ ಅಂಗಡಿ.
ಅಪ್ಪನ ಕಣ್ಣಿನ ಆಪರೇಶನ್ನಿಗೆ
ಹದಿನೈದು ದಿನದ ಮಟ್ಟಿಗೆ ಅಂತ ಗಲ್ಲೇಕ ಕುಂತಾಕಿ
ಎದ್ದದ್ದು ಎರಡು ವರ್ಷಕ್ಕ.
ಅಲ್ಲಿ ಕಲತದ್ದು ಯಾವ ಕಾಲಮ್ಮಿನ್ಯಾಗ ಬರೀಲಿ?
ಬಳಿ ಏರಸೂ ಮುಂದ ಬಾಯಿ ಸುಮ್ಮನಿರಬಾರದು.
ಯಾವೂರ್ರಿ, ಮಕ್ಕಳೆಷ್ಟರ್ರಿ, ಸಾಲೀಗೆ ಹೊಕ್ಕಾವೇನ್ರಿ,
ಆಕಿ ಉತ್ತರ ಕೊಡೂದ್ರಾಗ
ಹೆಬ್ಬಟ್ಟಿನ ಬುಡ ಒಳಗ ಮಡಚಿ ಒತ್ತಬೇಕು,
ನೋವು ಆದದ್ದು ಆಕಿಗೆ ಆಮ್ಯಾಲ ತಿಳೀಬೇಕು.
ಬಿಗಿ ಹಿಡದ್ರ ಗಾಜಿಗೂ ತ್ರಾಸು, ಕೈಗೂ ತ್ರಾಸು.
ಸಡ್ಲ ಬಿಡ್ರಿ, ಅಂತೀವಿ.

"ರಿಲ್ಯಾಕ್ಸ್ ಆಗಿ ಕೂತ್ಕೊಳ್ಳಿ," ಅಂದ್ರು ಮ್ಯಾಡಮ್ಮು,
"ಐದು ವರ್ಷ ಆದ್ಮೇಲೆ ಎಲ್ಲಿರ್ತೀರಾ?"

ಅಯ್ಯ, ಇವರೂ ನಮ್ಮವರ!
ಎಷ್ಟು ಚಂದ ಮಾತಾಡತಾರ,
ಎಷ್ಟು ಮೆತ್ತಗ ಗೆಣ್ಣು ಹಿಡದಾರ.
ಒಂದ ಫರಕು:
ನಾವು ಕೈ ನೋಡಿ ಬಳಿ ಹುಡಕತಿದ್ವಿ.
ಇವರ ಹತ್ರ ಇರೂದು ಒಂದ ಅಳತಿ ಬಳಿ,
ಬೆಳಗಿನಿಂದ ಕೈ ಹುಡಕಾಕತ್ತಾರ.

ಐದು ವರ್ಷದ ಮ್ಯಾಲ?
ಏನು ಅಂದೆನೋ, ಈಗ ನೆನಪಿಲ್ಲ.
ಕುರ್ಚಿ ಹಿಂದ ಸರಿಸೂ ಮುಂದ ಪರ್ಸು ಬಿತ್ತು,
ಕರವಸ್ತ್ರದೊಳಗ ಸಣ್ಣ ಸಪ್ಪಳ.
ಮೂರೂ ಮಂದಿ ಮಾರಿ ಎತ್ತಿ ನೋಡಿದ್ರು.
"ಥ್ಯಾಂಕ್ಸ್. ನಾವೇ ತಿಳಿಸ್ತೀವಿ."

ಬಳಿ ಒಡೀತು ಅನ್ನೂದಿಲ್ಲ ನಮ್ಮ ಅಂಗಡ್ಯಾಗ,
ಹೆಚ್ಚಾತು ಅಂತೀವಿ.
ಇಂಥಾ ಮಾತು ನನಗ ಯಾರೂ ಬಿಡಿಸಿ ಹೇಳೂದು ಬ್ಯಾಡ.

ಹೊಸೂರಿನ್ಯಾಗ ಚಿಗರಿ ಬಸ್ಸಿಗೆ ನಿಂತು
ಉಳದ ಹನ್ನೊಂದು ಏರಿಸಿಕೊಂಡೆ, ಮಾತಿಲ್ಲದ.
ಗೆಣ್ಣಿನ ಮ್ಯಾಲ ಪ್ರತಿಯೊಂದೂ ಗೊತ್ತಾತು.
ಇಮಾಮಹುಸೇನ ಬಂದ, ಟೈ ಬಿಚ್ಚಿ ಕಿಸೇದಾಗ ತುರುಕಿ.
ದೌರ್ಬಲ್ಯ ಕೇಳಿದ್ರೇನ್ರಿ?
"ಈ ಸಲ ಕೇಳಲೇ ಇಲ್ರಿ!"
ಅನ್ಯಾಯ ಆದವರಂಗ ಅಂದ.
ನನ್ನ ಕೈ ನೋಡಿದ. ಆಮ್ಯಾಲ ಗಾಳ್ಯಾಗ
ಬಟ್ಟು ಕೂಡಿಸಿ ಒಂದು ಗುಂಡಗಿಂದು ಮಾಡಿ
"ನಮ್ಮ ಮನ್ಯಾಕಿ ಕೈ ಇಷ್ಟ ಐತ್ರಿ ಅಕ್ಕಾರ."

ಎರಡು-ಆರು, ಅಂದೆ.

ನಲವತ್ತೆರಡರ ಚೀಟಿ ಹೊಳ್ಳಿಸಿ
ತೊಡಿ ಮ್ಯಾಲ ಇಟ್ಟು ಬರಕೊಂಡ.