ಎಲ್ಲಿಂದ ಕೂಗುತ್ತಿದ್ದೀ?

ಫರೋ ದ್ವೀಪಗಳ ಕ್ಲಾಕ್ಸ್‌ವೀಕ್, ಬಂದರಿನ ಕಚೇರಿ.
ರಾತ್ರಿ ಒಂದೂವರೆ. ಫೆಬ್ರವರಿಯ ಗಾಳಿ
ತಗಡಿನ ಮಾಡಿಗೆ ಬೆರಳ ಗೆಣ್ಣು ಬಡಿಯುತ್ತಿದೆ
ಮರೆತ ಕೈಚೀಲಕ್ಕೆ ಮರಳಿ ಬಂದವನ ಹಾಗೆ.

"ಹೆಸರು ಕೇಳಿತು, ಹೇಳಿದೆ.
ಪಾಸ್‌ವರ್ಡ್ ಕೇಳಿತು, ಕೊಟ್ಟೆ.
ಬನ್ನಿ ಅಂತು.
ಆಮೇಲೆ ಮಾತೇ ಇಲ್ಲ, ರಾನ್ವಾ."

ಅರವತ್ತು ಮೈಲಿ ಆಚೆ, ಅಲೆಗಳ ಮೇಲೆ, ಐಯುನ್.
ಅವನ ಬಲೆಯ ಲೆಕ್ಕ ಬೆಳಗಿನ ಹರಾಜಿಗೆ ಬರಬೇಕು,
ಮೀನಿಗಿಂತ ಮುಂಚೆ.

ನನ್ನ ಮೇಜಿನಿಂದ ನೋಡಿದರೆ ಎಲ್ಲಾ ಸರಿ.
ಪಟ್ಟಿ ಬರುತ್ತದೆ, ಕಡತ ಹೋಗುತ್ತದೆ.
ನನ್ನ ಮೇಜಿನಿಂದ ಯಾವಾಗಲೂ ಎಲ್ಲಾ ಸರಿಯೇ:
ಈ ಕೆಲಸದ ಮೊದಲ ಸುಳ್ಳು ಅದು.

ಫೈರ್‌ವಾಲನ್ನು ಬೈದೆ. ಕೇಬಲ್ ಕಿತ್ತು, ಊದಿ, ಹಾಕಿದೆ.
ಏನೂ ತೋಚದವರು ಮಾಡುವ ಹಾಗೆ
ರೀಸ್ಟಾರ್ಟ್ ಮಾಡಿದೆ, ಎರಡು ಸಲ.
ಕೊನೆಗೆ ಲಾಗ್ ಬಿಚ್ಚಿ ಕೂತೆ,
ಮಗುವಿನ ತಟ್ಟೆಯ ಮೀನಿಂದ ಮುಳ್ಳು ಬಿಡಿಸುವ ಹಾಗೆ.

ಅಲ್ಲಿತ್ತು.
ಇನ್ನೂರ ಇಪ್ಪತ್ತೇಳು, ಅನ್ನುತ್ತದೆ ಸರ್ವರ್,
ಮತ್ತೆ ಕಂಸದೊಳಗೆ ಆರು ಅಂಕಿ:
ಮೊದಲ ನಾಲ್ಕು ಮನೆ, ಕೊನೆಯೆರಡು ಬಾಗಿಲು.
ಇಲ್ಲಿಗೆ ಬಾ, ಸಾಮಾನು ಇಲ್ಲಿ ಇಳಿಸು.
ಹತ್ತು, ಸೊನ್ನೆ, ಸೊನ್ನೆ, ಐದು.
ಅದು ಶೀತಗೃಹದ ಕಡೆಯ ವಿಳಾಸ,
ಗೋಡೆಯೊಳಗಿನವರಿಗಷ್ಟೇ ಗೊತ್ತಿರುವ ಒಳಬಾಗಿಲು.
ಕಡಲ ಕಡೆಯ ಕದ ತಟ್ಟಿದವನಿಗೆ
ಅಡುಗೆಮನೆಯಿಂದ ಕೂಗಿತ್ತು ಯಂತ್ರ:
ಈ ಕಡೆ ಬಾ!
ಯಾವ ಕಡೆ?
ಐಯುನ್ ಕತ್ತಲಲ್ಲಿ ಕೈ ಚಾಚಿ ನಿಂತೇ ಇದ್ದ
ನಲವತ್ತು ಸೆಕೆಂಡು, ಮತ್ತೆ ನಲವತ್ತು.

ಒಂದೇ ಒಡಲು, ಮೂರು ವಿಳಾಸ ಇದಕ್ಕೆ.
ಒಂದು ಕಡಲಿಗೆ, ಒಂದು ಶೀತಗೃಹಕ್ಕೆ,
ಮೂರನೆಯದು ತೂಕದ ಕಟ್ಟೆಗೆ. ಆ ಕಟ್ಟೆ ಒಡೆದು
ಆರು ವರ್ಷ. ಹಸಿರು ದೀಪ ಇನ್ನೂ ಮಿಣುಕುತ್ತದೆ,
ಯಾರೂ ಹೇಳಿಲ್ಲ ಅದಕ್ಕೆ.

ಇದರಲ್ಲಿ ಬೆರಗೇನು? ನನ್ನಪ್ಪನಿಗೂ ಮೂರಿದ್ದವು.
ಚರ್ಚಿನ ಪುಸ್ತಕದಲ್ಲಿ ಸೋಫುಸ್,
ಕುರಿ ಕೂಡಿಹಾಕುವ ದಿನ ತೊರೆಮನೆಯ ಸೋಫುಸ್,
ದೋಣಿಯಲ್ಲಿ ಬರೀ "ಕೆಮ್ಮು".
ರೇಡಿಯೋದಲ್ಲಿ ಯಾರಾದರೂ ದಾರಿ ಕೇಳಿದರೆ
ಅವನು ಮೊದಲು ಹೇಳುತ್ತಿದ್ದದ್ದು ದಾರಿಯನ್ನಲ್ಲ.
"ಎಲ್ಲಿಂದ ಕೂಗುತ್ತಿದ್ದೀ?"
ಪಡುವಣದಿಂದ ಬರುವವನಿಗೆ ಬಂಡೆ ಎಡಕ್ಕೆ,
ಮೂಡಣದವನಿಗೆ ಬಲಕ್ಕೆ.
ಬಂಡೆ ಇದ್ದಲ್ಲೇ ಇದೆ.

ಮೂರೂಕಾಲು. ಒಂದು ಸಾಲು ಬರೆದೆ:
ಕೇಳಿದವರಿಗೆಲ್ಲ ಹೊರಗಿನ ವಿಳಾಸ ಹೇಳು.
"ಹೋಯ್ತು, ಹೋಯ್ತು!" ಐಯುನ್ ನಕ್ಕ,
ನಗೆಯ ಅರ್ಧ ಗಾಳಿಪಾಲು.

ನಾಲ್ಕಕ್ಕೆ ಶೀತಗೃಹದಿಂದ ಮಾಲನ್:
"ಪಟ್ಟಿ ತೆರೆಯುತ್ತಿಲ್ಲ. ನಿನ್ನೆಯ ತನಕ ಸರಿ ಇತ್ತಲ್ಲ,
ಏನು ಮುಟ್ಟಿದೆ?"
ಈಗ ಮನೆಯೊಳಗಿದ್ದವಳಿಗೆ ಯಂತ್ರ
ಊರು ಬಳಸಿ ಮುಂಬಾಗಿಲಿಗೆ ಬಾ ಎನ್ನುತ್ತಿತ್ತು;
ಮುಂಬಾಗಿಲ ಕಾವಲಿನವನು ಒಳಗಿಂದ ಬಂದವರನ್ನು
ಕಂಡೇ ಇಲ್ಲ.

ಬರೆದದ್ದನ್ನು ಅಳಿಸಿದೆ. ಸರ್ವರನ್ನು ಎರಡು ಮಾಡಿ
ಬಾಗಿಲಿಗೊಂದರಂತೆ ಕೂರಿಸಿದೆ:
ತಟ್ಟಿದ ಕಡೆಯಿಂದಲೇ ಓಗೊಡು.
ಮೂರನೆಯದಕ್ಕೆ ಯಾರನ್ನೂ ಇಡಲಿಲ್ಲ.
ತಂತಿ ಕೀಳಲು ಕೈ ಹಾಕಿ, ಬಿಟ್ಟೆ;
ಆ ಕಡೆಯ ತುದಿ ಎಲ್ಲಿದೆಯೋ,
ಹಗಲಲ್ಲಿ ನೋಡಿದರಾಯಿತು.

ಐದಕ್ಕೆ ಮಾಲನ್ ಫೋನಿನಲ್ಲೇ ಓದಿದಳು, ಆಕಳಿಸುತ್ತ:
ಕಾಡ್ ಇನ್ನೂರ ಹತ್ತು ಪೆಟ್ಟಿಗೆ,
ಹ್ಯಾಡಕ್ ಮೂವತ್ತೆಂಟು,
ಹಾಲಿಬಟ್ ಒಂದು. ಕೆಳಗೆ ಐಯುನನ ಟಿಪ್ಪಣಿ:
ಬಹಳ ದೊಡ್ಡದು. ಬಾಲ ಪೆಟ್ಟಿಗೆಗೆ ಹಿಡಿಸಲಿಲ್ಲ,
ಹೊರಗೇ ಬಿಟ್ಟಿದ್ದೇನೆ.