ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಾಯಿ

ನನ್ನ ಸ್ಕೂಟರಿನ ಡಬ್ಬಿಯಲ್ಲಿ ಇವತ್ತು ಐದು ಬಾಯಿಗಳಿವೆ.
ಒಂದೂ ಮಾತಾಡುವುದಿಲ್ಲ.
ಹಲ್ಲಿದ್ದಲ್ಲಿ ಕುಣಿ, ಸಂದಿಯಿದ್ದಲ್ಲಿ ಗೋಡೆ,
ಅಂಗುಳದ ಗುಮ್ಮಟವಿದ್ದಲ್ಲಿ ದಿಬ್ಬ.
ಒಳಗು ಹೊರಗಾದ ಬಾಯಿಗಳು.

ಸಿಲಿಕೋನಿನ ಎರಡಕ್ಕೆ ಅವಸರವಿಲ್ಲ.
ವಾರ ಬಿಟ್ಟು ಕೇಳಿದರೂ ಅದೇ ಗೆರೆ, ಅದೇ ಅಂಚು,
ಎಳೆದು ಬಿಟ್ಟರೆ ಎಳೆಯದ ಹಾಗೆ ಕೂರುತ್ತದೆ.
ಉಳ್ಳವರ ಮನೆಯ ಮಗು; ಒದ್ದೆ ಮಾತ್ರ ಆಗದು,
ಎಂಜಲ ಹನಿ ಕಂಡಲ್ಲಿ ಮುಖ ತಿರುಗಿಸಿ
ಒಂದು ತೂತು ಬಿಟ್ಟಿರುತ್ತದೆ.

ಮೂರನೆಯದು ಕಂದು ಬಿಲ್ಲೆ, ಹಳೆಗಾಲದ್ದು:
ಬಿಸಿನೀರಲ್ಲಿ ಮೇಣ, ತಣ್ಣೀರಲ್ಲಿ ಕಲ್ಲು.
ನಾಲ್ಕನೆಯದು ಲವಂಗದ ವಾಸನೆಯ ಪೇಸ್ಟು,
ಹಲ್ಲೇ ಇಲ್ಲದ ಅಜ್ಜಿಯ ಒಸಡಿನ ಸುಕ್ಕನ್ನೆಲ್ಲ
ಸಾಲಗಾರನ ಪುಸ್ತಕದ ಹಾಗೆ ಬಿಡದೆ ಬರೆದುಕೊಂಡಿದೆ.
ಬಾಗುವುದು ಅದಕ್ಕೆ ಗೊತ್ತಿಲ್ಲ.
ಕೊಂಕು ಹಲ್ಲೊಂದು ಅಡ್ಡ ಸಿಕ್ಕರೆ ಮುರಿಯುತ್ತದೆ.

ಐದನೆಯದೇ ನನ್ನ ಜೀವ ತಿನ್ನುವುದು.

ಕಡಲ ಪಾಚಿಯಿಂದ ತೆಗೆದ ಪುಡಿ.
ಮೇ ತಿಂಗಳೆಂದು ಡಾಕ್ಟರ್ ಎರ್ಮೆಲಿಂಡಾ ಐಸಿನ ನೀರು ಬೆರೆಸಿ
ರಬ್ಬರ್ ಬಟ್ಟಲ ಗೋಡೆಗೆ ಉಜ್ಜಿ ಉಜ್ಜಿ ಕಲಸಿದರು:
ನೇರಳೆ, ಗುಲಾಬಿ, ಬಿಳಿ.
ಬಿಳಿಯಾಗುವ ಮೊದಲು ಬಾಯೊಳಗೆ ಹೋಗಬೇಕು.

ಬಾಯಿ ಮಿನಿನ್ ಮೇಸ್ತ್ರಿಯದು.
ಗಾರೆಯ ಮೇಸ್ತ್ರಿಯಲ್ಲ, ಅದು ನಮ್ಮಪ್ಪ;
ಇವರು ಚಾಂದರಿನ ಇಗರ್ಜಿ ಬ್ಯಾಂಡಿನ ಟ್ರಂಪೆಟ್ ಮೇಸ್ತ್ರಿ.
ಮುಂದಿನ ನಾಲ್ಕು ಹಲ್ಲು ಹೋಗಿ
ಗಾಳಿ ಸೋರುತ್ತದಂತೆ.
‘ಮೂಗಿನಿಂದ ಉಸಿರಾಡಿ’ ಎಂದರೆ
‘ನಲವತ್ತು ವರ್ಷ ಊದಿದವನಿಗೆ ಉಸಿರು ಕಲಿಸ್ತೀಯಾ ಬಾಯ್?’
ಅಂದವರು, ಟ್ರೇ ಅಂಗುಳಕ್ಕೆ ತಾಗಿದ್ದೇ
ಕುರ್ಚಿಯ ಕೈ ಹಿಡಿದು ಓಕರಿಸಿದರು.
ಕಣ್ಣಲ್ಲಿ ನೀರು. ಆಮೇಲೆ ಒಂದೇ ಜಗ್ಗು.
ಮೆಲ್ಲಗೆ ಎಳೆದರೆ ಹರಿಯುತ್ತದೆ ಇದು,
ದಯೆ ತೋರಿಸಬಾರದು.

ಈಗ ಒದ್ದೆ ಬಟ್ಟೆಯಲ್ಲಿದೆ.
ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ,
ನಡುವಿನ ಆ ಒಂದಿಷ್ಟು ಹೊತ್ತು ಮಾತ್ರ
ಅದು ಮಿನಿನ್.

ಮಡಗಾಂವಿನ ಲ್ಯಾಬಿಗೆ ಇಪ್ಪತ್ತೈದು ನಿಮಿಷ.
ರೈಲ್ವೆ ಗೇಟು ಬಿತ್ತು.

ಮುರಗಾಂವ್ ಬಂದರಿನಿಂದ ಕಲ್ಲಿದ್ದಲು,
ಘಟ್ಟ ಹತ್ತಿ ನಮ್ಮ ಸೀಮೆಗೆ ಹೋಗುವ ಗಾಡಿ.
ಒಂದು, ಎರಡು, ಹದಿನೇಳು ಡಬ್ಬಿ.
ಇಪ್ಪತ್ತಕ್ಕೆ ಎಣಿಕೆ ಬಿಟ್ಟೆ.
ಡಬ್ಬಿಯಡಿಯಲ್ಲಿ ಹಳದಿ ಕಲ್ಲುಪುಡಿಯ ಪೊಟ್ಟಣವಿತ್ತು,
ಬಟ್ಟಲಿತ್ತು, ಕುಡಿಯುವ ನೀರಿತ್ತು.
‘ನೀರಿಗೆ ಪುಡಿ ಹಾಕಬೇಕs ಗುರವ್ವಾ, ಪುಡಿಗೆ ನೀರಲ್ಲ’
ಅಂತಿದ್ದ ಅಪ್ಪ, ವಾಸ್ಕೋದ ಯಾರದೋ ಮಹಡಿಗೆ ಗಿಲಾವು ಮಾಡುತ್ತ.
ಹಾಗೇ ಉದುರಿಸಿದೆ. ಕಲಸಿದೆ.
ಹಳಿಯ ಪಕ್ಕದ ಕಲ್ಲುಕಂಬದ ಮೇಲೆ ಟ್ರೇ ಇಟ್ಟು
ಕಡೆಯ ದವಡೆಹಲ್ಲಿನ ಕುಣಿಗೆ ಮೊದಲ ಹನಿ ಬಿಟ್ಟೆ.

ಲಾರಿಯವ ಹಾರ್ನ್ ಮರೆತು ನೋಡಿದ.

ಲ್ಯಾಬಿನಲ್ಲಿ ಇದಕ್ಕೊಂದು ನಡುಗುವ ಯಂತ್ರವಿದೆ.
ಇಲ್ಲಿ ಕಂಬವೇ ನಡುಗುತ್ತಿತ್ತು.
ಕಲ್ಲಿದ್ದಲಿನ ಭಾರಕ್ಕೆ ನೆಲ ಗದಗುಟ್ಟಿ
ಗುಳ್ಳೆಗಳು ಒಂದೊಂದೇ ಮೇಲೆದ್ದು ಒಡೆದವು,
ಹಳದಿ ಗಾರೆ ಹಲ್ಲಿಂದ ಹಲ್ಲಿಗೆ ಇಳಿಯಿತು, ಹಲ್ಲಿಲ್ಲದ
ನಾಲ್ಕು ಮನೆ ದಾಟಿ
ಆಚೆ ದವಡೆಗೆ.

‘ಎಲ್ಲಿ ಸುರಿದದ್ದು ಇದು?’ ಪ್ರಭುದೇಸಾಯಿ
ಭೂತಗನ್ನಡಿಯಿಂದ ತಲೆ ಎತ್ತಲಿಲ್ಲ.
‘ಗೇಟಿನಲ್ಲಿ.’
‘ಹ್ಞೂಂ’ ಅಂದ. ಅವನ ಬಾಯಲ್ಲಿ ಅದು ಹೊಗಳಿಕೆ.

ಅಚ್ಚು ಬಿಡಿಸಿ ಎಸೆದೆ.
ಸಂಜೆಗೆ ಒಣಗಿ ಚಿಕ್ಕದಾಗಿತ್ತು,
ಯಾವುದೋ ಮಗುವಿನದೆನ್ನುವಷ್ಟು.

ಕಲ್ಲಿನ ಮೇಸ್ತ್ರಿ ಕಪಾಟಿನಲ್ಲಿದ್ದಾರೆ, ನಂಬರ್ ಇನ್ನೂರ ಹನ್ನೆರಡು.
ಅಂಗುಳದ ನಡುವೆ ಒಂದು ಕರಿ ಚುಕ್ಕೆ,
ಗಾಳಿಗೆ ಹಾರಿ ಗಾರೆಗೆ ಬಿದ್ದ ಕಲ್ಲಿದ್ದಲ ಚೂರು.
ಕೆರೆಯಲು ಚಾಕು ಹಿಡಿದವಳು
ಸುಮ್ಮನೆ ‘ಳ’ ಅಂದು ನೋಡಿದೆ.
ನಾಲಿಗೆ ಮಡಚಿ ತಾಗುವುದು ಅಲ್ಲೇ,
ಅವರ ಕೊಂಕಣಿಯದೂ
ನನ್ನದೂ.